ಹಿಂದೆ ಕೂತು ಎತ್ತಿಕೊಡುವವರು

ಜನವರಿ 7

ಅಣ್ಣ,

ಸಲಾಂ. ಫೋನ್ ಮಾಡುವುದು ಬಿಟ್ಟು ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಅತ್ತಿಗೆಯ ಹತ್ತಿರ ನಗಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೆಂದರೆ ನಾನು ಒಂದು ವಾಕ್ಯ ಶುರು ಮಾಡುವುದು, ನೀನು ಅದನ್ನು ಮುಗಿಸುವುದು. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಂಥ ಮೈಕಾಸುರನಿಗೂ ಆಗುವುದಿಲ್ಲ. ಪೂರ್ತಿ ಓದು, ಆಮೇಲೆ ಬರೆ. ಫೋನ್ ಮಾಡಿದರೂ ಈ ವಿಷಯ ತೆಗೆಯಬೇಡ.

ನಾನು ಕೆಲಸ ಮಾಡುವ ಜಾಗವನ್ನು ನೀನು ನೋಡಿಲ್ಲ. ಆಸ್ಪತ್ರೆಯ ಮೂಲೆಯಲ್ಲಿ ಒಂದು ಕೋಣೆ, ಅದರೊಳಗೆ ಇನ್ನೊಂದು ಪುಟ್ಟ ಕೋಣೆ. ಗೋಡೆಗೆಲ್ಲ ಸ್ಪಂಜು, ಬಾಗಿಲು ನಿನ್ನ ಹೊಟ್ಟೆಯಷ್ಟು ದಪ್ಪ. ಮುಚ್ಚಿದರೆ ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರುವುದಿಲ್ಲ. ಕಿವಿ ಪರೀಕ್ಷೆಗೆ ಬಂದವರನ್ನು ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ಗಾಜಿನ ಈಚೆ ಕೂತು ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಬಟನ್ ಒತ್ತಬೇಕು. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ, ಯಂತ್ರ ಸರಿಯಿದೆಯೇ ಎಂದು ನಾನೇ ಒಳಗೆ ಕೂತು ಕೇಳಿ ನೋಡಬೇಕು. ಅದು ನಮ್ಮಲ್ಲಿ ಕಡ್ಡಾಯ.

ಅಲ್ಲಿ ನನಗೆ ಅಪ್ಪ ಓದುವುದು ಕೇಳಿಸುತ್ತಿದೆ.

ಅಪ್ಪ ಹೋದಮೇಲೆ ನಿಮ್ಮಲ್ಲಿಗೆ ಬಂದು ವಾಪಸಾದೆನಲ್ಲ, ಆ ವಾರದಿಂದ. ಮೊದಲು ಉಸಿರಿನ ಸದ್ದು. ಆಮೇಲೆ, ಅಂಗಡಿ ತೆಗೆಯುವ ಮುಂಚೆ ಹೊಲಿಗೆ ಮಿಷನ್ನಿನ ಪಕ್ಕ ಚಾಪೆ ಹಾಕಿಕೊಂಡು ಓದುತ್ತಿದ್ದರಲ್ಲ, ಅದೇ ದನಿ. ಸ್ವಲ್ಪ ಹೊತ್ತು ಓದಿ, ಒಂದು ವಾಕ್ಯದ ನಡುವೆ ನಿಲ್ಲುತ್ತಾರೆ. ನಿಂತು ಕಾಯುತ್ತಾರೆ. ಯಾಕೆ ಕಾಯುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಪೂರ್ತಿ ಕುರ್‌ಆನ್ ಬಾಯಿಪಾಠ ಇದ್ದರೂ ಅಪ್ಪ ಒಬ್ಬರೇ ಕೂತು ಓದಿದವರಲ್ಲ. ಹಿಂದೆ ನಾನು ಪುಸ್ತಕ ತೆರೆದುಕೊಂಡು ಕೂರಬೇಕು. ಎಲ್ಲಾದರೂ ತಡವರಿಸಿದರೆ ಮುಂದಿನ ಮಾತನ್ನು ಎತ್ತಿಕೊಡಬೇಕು. ಅವರು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕಾಯುವರು. ನಾನು ಕೊಟ್ಟಮೇಲೆಯೇ ಮುಂದಕ್ಕೆ. ಮಸೀದಿಯಲ್ಲೂ ಮುಂದೆ ನಿಂತವನಿಗೆ ಹಿಂದಿನ ಸಾಲಿನವರು ಎತ್ತಿಕೊಡುತ್ತಾರೆ, ಅದರಲ್ಲಿ ನಾಚಿಕೆಯಿಲ್ಲ ಎನ್ನುತ್ತಿದ್ದರು. ನನ್ನನ್ನು "ಮೇಷ್ಟ್ರಮ್ಮ" ಎಂದು ಕರೆಯುತ್ತಿದ್ದರು. ಆ ಕೆಲಸ ಮೊದಲು ನಿನ್ನದಾಗಿತ್ತು. ಗೋಲಿ ಆಡಲು ಹೋಗಿ ನೀನು ಕಳೆದುಕೊಂಡೆ.

ಇಲ್ಲದ ಸದ್ದು ಕೇಳಿಸುವುದು ನನ್ನ ಕಸುಬಿನಲ್ಲಿ ದೊಡ್ಡ ವಿಷಯವಲ್ಲ. ದಿನವೂ ಅಂಥವರು ಬರುತ್ತಾರೆ. ನಾನು ಸದ್ದೇ ಕಳಿಸದೆ ಸುಮ್ಮನೆ ಕೂತಾಗಲೂ ಬಟನ್ ಒತ್ತುವವರಿದ್ದಾರೆ. ಸುಳ್ಳು ಹೇಳುತ್ತಿರುವುದಿಲ್ಲ, ಕೇಳಿಸಲಿ ಎಂಬ ಆಸೆ ಅಷ್ಟೆ. ಹಾಗಾಗಿ ನನಗೆ ಕೇಳಿಸುವುದಕ್ಕೆ ನಾನು ಹೆದರಿಲ್ಲ. ಹೆದರಿದ್ದು ಆಮೇಲೆ ಬಂದ ಯೋಚನೆಗೆ. ನನ್ನ ಕಿವಿ ಅಪ್ಪನನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿಕೊಡಬಲ್ಲದಾದರೆ, ಆ ಗುಹೆಯಲ್ಲಿ ಒಬ್ಬರೇ ಕೂತಿದ್ದ ನಮ್ಮ ಪ್ರವಾದಿಯವರಿಗೆ ಕುರ್‌ಆನ್ ಹೇಳಿದ ಧ್ವನಿ ಹೊರಗಿನದು ಎಂದು ಹೇಗೆ ಗೊತ್ತಾಯಿತು? ಈ ಯೋಚನೆ ಬಂದ ದಿನದಿಂದ ನಮಾಜಿಗೆ ನಿಲ್ಲಲು ನನ್ನಿಂದ ಆಗುತ್ತಿಲ್ಲ. ಯಾರ ಮಾತು ಎಂದು ಗೊತ್ತಿಲ್ಲದ ಮಾತನ್ನು ಹೇಗೆ ಹೇಳಲಿ?

ಕುರ್‌ಆನ್ ಯಾರ ಮಾತು ಎಂದು ವೇದಿಕೆ ವೇದಿಕೆಯಲ್ಲಿ ಸಾಬೀತು ಮಾಡುತ್ತಿರುವವನು ನೀನು. ನನಗೂ ಮಾಡಿಕೊಡು. ತಮಾಷೆಯಲ್ಲ.

ನಿನ್ನ ತಂಗಿ

ಜನವರಿ 19

ಅಕ್ಕರೆಯ ಮೇಷ್ಟ್ರಮ್ಮನಿಗೆ,

ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ನಿನ್ನ ಅತ್ತಿಗೆ ಹೇಳುವುದಿಷ್ಟೇ: "ಊಟ ಸರಿಯಾಗಿ ಮಾಡ್ತಾಳೋ ಇಲ್ವೋ ಕೇಳ್ರಿ ಮೊದ್ಲು. ಖಾಲಿ ಹೊಟ್ಟೇಲಿ ಎಲ್ಲಾ ಕೇಳಿಸುತ್ತೆ." ನನ್ನ ಮಾತಿಗಿಂತ ಅದನ್ನೇ ಮೊದಲು ಪಾಲಿಸು.

ಇನ್ನು ನಿನ್ನ ಪ್ರಶ್ನೆ. ಅದು ಹೊಸದಲ್ಲ, ಪ್ರವಾದಿಯವರ ಊರಿನವರೇ ಕೇಳಿದ್ದರು. ಸುಳ್ಳು ಹೇಳುತ್ತಿದ್ದಾರೆ ಎಂದರು. ಅದುವರೆಗೆ ಊರಿಗೆ ಊರೇ ನಂಬಿಗಸ್ತ ಎಂದು ಕರೆದ ಮನುಷ್ಯ. ನೆರೆಯವರ ವಿಷಯದಲ್ಲಿ ಸುಳ್ಳಾಡದವರು ದೇವರ ವಿಷಯದಲ್ಲಿ ಆಡುತ್ತಾರೆಯೇ? ಅದೂ ಕಲ್ಲೇಟು ತಿನ್ನುವುದಕ್ಕಾಗಿ? ತಲೆ ಕೆಟ್ಟಿದೆ ಎಂದರು. ತಲೆ ಕೆಟ್ಟವರ ಮಾತಿನಲ್ಲಿ ಅನಾಥರ ಆಸ್ತಿಗೆ ಕಾವಲು, ವಿಧವೆಯ ಪಾಲು, ತಕ್ಕಡಿ ಸರಿಯಾಗಿ ಹಿಡಿ ಎಂಬ ಎಚ್ಚರಿಕೆ ಇರುತ್ತವೆಯೇ? ಯಾರೋ ಹೇಳಿಕೊಡುತ್ತಾರೆ ಎಂದರು. ಓದು ಬರಹ ಬಾರದವರಿಗೆ ಇಂಥದ್ದನ್ನು ಹೇಳಿಕೊಡಬಲ್ಲವನು ತಾನೇ ಮುಂದೆ ಬಂದು ಹೆಸರು ಮಾಡುತ್ತಿರಲಿಲ್ಲವೇ? ಕವಿ ಎಂದರು. ಅದು ಕವಿಗಳಿಗೆ ಬರವಿಲ್ಲದ ನಾಡು. ಹಾಗಾದರೆ ಇದರಂಥ ಒಂದೇ ಒಂದು ಅಧ್ಯಾಯ ತನ್ನಿ ಎಂದು ಗ್ರಂಥವೇ ಸವಾಲು ಹಾಕಿತು. ನಾಲಿಗೆಯಿಂದ ಉತ್ತರ ಕೊಡಬಹುದಾಗಿದ್ದವರು ಕತ್ತಿ ತೆಗೆದರು.

ಆದರೆ ನಿನಗಾಗಿ ನಾನು ಆರಿಸುವ ವಾದ ಬೇರೆ. ಒಮ್ಮೆ ಪ್ರವಾದಿಯವರು ಊರ ದೊಡ್ಡವರ ಜೊತೆ ಮಾತಾಡುತ್ತಿದ್ದಾಗ ಒಬ್ಬ ಕುರುಡ ಬಂದು ಏನೋ ಕೇಳಿದ. ಇವರು ಮುಖ ಗಂಟಿಕ್ಕಿ ಅತ್ತ ತಿರುಗಿದರು. ಆ ಕುರುಡನಿಗೆ ಅದು ಕಾಣುವ ಹಾಗಿಲ್ಲ, ಯಾರೂ ಎತ್ತಿ ಆಡಿರಲಿಲ್ಲ. ಆದರೆ ಇಳಿದು ಬಂದ ವಾಕ್ಯ ಅವರನ್ನೇ ತರಾಟೆಗೆ ತೆಗೆದುಕೊಂಡಿತು. ಆ ಬೈಗುಳವನ್ನು ಅವರು ಮುಚ್ಚಿಡಲಿಲ್ಲ. ತಾವೇ ಓದಿ ಹೇಳಿದರು, ಇವತ್ತಿಗೂ ಲೋಕವೆಲ್ಲ ಓದುತ್ತದೆ. ತನ್ನ ಪುಸ್ತಕ ತಾನೇ ಬರೆಯುವವನು ತನ್ನ ಕಿವಿ ಹಿಂಡುವ ಪುಟವನ್ನು ಸೇರಿಸುತ್ತಾನೆಯೇ? ಧ್ವನಿ ನಮ್ಮದಾದರೆ ಅದು ನಮ್ಮ ಪರ ವಕಾಲತ್ತು ಮಾಡುತ್ತದೆ ಮೇಷ್ಟ್ರಮ್ಮಾ.

ಸಭೆಗಳಲ್ಲಿ ಎಲ್ಲ ವಾದಗಳ ಕೊನೆಗೆ ನಾನು ಅಪ್ಪನ ವಿಷಯ ಹೇಳುತ್ತೇನೆ. ಕಾಯಿಲೆ ಅವರಿಂದ ಎಲ್ಲವನ್ನೂ ಕಿತ್ತುಕೊಂಡಿತು, ಅಂಗಡಿಯ ದಾರಿ, ಮಕ್ಕಳ ಹೆಸರು, ಊಟ ಮಾಡಿದ ನೆನಪು. ಆದರೆ ಕುರ್‌ಆನಿನ ಒಂದಕ್ಷರವನ್ನೂ ಮುಟ್ಟಲಾಗಲಿಲ್ಲ, ಕೊನೆಯುಸಿರಿನವರೆಗೂ ನೀರು ಹರಿದಂತೆ ಓದಿದರು ಎನ್ನುತ್ತೇನೆ. ಗಂಡಸರು ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಮೇ ಮೊದಲ ವಾರ ದೊಡ್ಡ ಸಭಾಂಗಣದಲ್ಲಿ ಕರೆದಿದ್ದಾರೆ. ವಿಷಯ: ಇದು ಯಾರ ಮಾತು?

ಒಂದು ವಾರ ರಜೆ ಹಾಕು. ಚೆನ್ನಾಗಿ ನಿದ್ದೆ ಮಾಡು. ನಮಾಜು ಬಿಡಬೇಡ.

ನಿನ್ನ ಅಣ್ಣ

ಫೆಬ್ರವರಿ 10

ಅಣ್ಣ,

ಊಟ ಮಾಡುತ್ತಿದ್ದೇನೆ, ನಿದ್ದೆಯೂ ಮಾಡುತ್ತಿದ್ದೇನೆ, ತೂಕವೂ ಏರಿದೆ ಎಂದು ಅತ್ತಿಗೆಗೆ ಹೇಳು. ಅಪ್ಪ ಮಾತ್ರ ನಿಂತಿಲ್ಲ.

ಕುರುಡನ ವಿಷಯ ಮನಸ್ಸಿಗೆ ನಾಟಿತು. ಸುಳ್ಳು ಹೇಳುವುದಿಲ್ಲ, ಅದನ್ನೋದಿ ನಮಾಜಿಗೆ ಚಾಪೆ ಹಾಸಿಬಿಟ್ಟಿದ್ದೆ. ಆಮೇಲೆ ನನ್ನ ಕಸುಬು ಅಡ್ಡ ಬಂತು. ನಮ್ಮ ಪರ ಮಾತಾಡದ ಧ್ವನಿಗಳೂ ಒಳಗೆ ಇರುತ್ತವೆ. ಒಬ್ಬರು ಹಳೇ ಬಸ್ ಕಂಡಕ್ಟರ್ ಬರುತ್ತಾರೆ, ಎಡಗಿವಿ ಪೂರ್ತಿ ಹೋಗಿದೆ. ಹೋದ ಕಿವಿಯಲ್ಲಿ ತೀರಿಹೋದ ಹೆಂಡತಿ ಬೈಯುವುದು ಕೇಳಿಸುತ್ತದಂತೆ. "ಛತ್ರಿ ಮರೆತ್ರಿ, ಮಾತ್ರೆ ಮರೆತ್ರಿ, ಅಂತ ಶುರುವಾಗಿಬಿಡುತ್ತೆ ಮೇಡಂ." ನಾನು ಕೇಳಿದೆ: "ನಿಮಗೆ ಗೊತ್ತಿರೋದಕ್ಕೇ ಬೈತಾರಾ, ಇಲ್ಲ ಗೊತ್ತಿಲ್ಲದ್ದಕ್ಕೂ ಬೈತಾರಾ?" ಅವರು ಜೋರಾಗಿ ನಕ್ಕರು. "ಗೊತ್ತಿರೋದಕ್ಕೇ. ಗೊತ್ತಿಲ್ಲದ್ದು ಹೇಳಿದ್ರೆ ಅವಳೇ ಇದ್ದಂಗಲ್ವಾ, ನಾನು ಮನೇಲಿ ಒಬ್ನೇ ಇರ್ತಿದ್ನಾ?"

ಅಣ್ಣ, ನಮ್ಮಲ್ಲಿ ಎಷ್ಟೋ ಯಂತ್ರಗಳಿವೆ, ಆದರೆ ಒಳಗಿನ ಧ್ವನಿಗೂ ಹೊರಗಿನ ಧ್ವನಿಗೂ ವ್ಯತ್ಯಾಸವನ್ನು ನನಗೆ ಆ ಕಂಡಕ್ಟರ್ ಹೇಳಿದ ಹಾಗೆ ಯಾವುದೂ ಹೇಳಿಲ್ಲ. ಬೈದರೂ ಹೊಗಳಿದರೂ, ಒಳಗಿನದು ನಮಗೆ ಗೊತ್ತಿಲ್ಲದ್ದನ್ನು ಹೇಳಲಾರದು.

ಈಗ ನನ್ನ ವಿಷಯ ಕೇಳು. ಅಪ್ಪ ನಿಲ್ಲುತ್ತಾರೆ ಎಂದಿದ್ದೆನಲ್ಲ. ಯಾವಾಗಲೂ ಒಂದೇ ಕಡೆ ನಿಲ್ಲುತ್ತಾರೆ. ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗನ ಕಥೆ ಬರುವ ಅಧ್ಯಾಯ ಇದೆಯಲ್ಲ, ಅದರಲ್ಲಿ ಮಗನಿಗಾಗಿ ಕೊರಗಿ ಕೊರಗಿ ತಂದೆಯ ಕಣ್ಣು ಬೆಳ್ಳಗಾಗುವ ಕಡೆ. "ಕಣ್ಣುಗಳು" ಎಂಬಲ್ಲಿಗೆ ಬಂದು ನಿಂತುಬಿಡುತ್ತಾರೆ.

ಇದು ನನಗೆ ಅರ್ಥವಾಗುತ್ತಿಲ್ಲ. ಅಪ್ಪ ತಡವರಿಸುತ್ತಿದ್ದ ಜಾಗಗಳೆಲ್ಲ ನನಗೆ ಗೊತ್ತು. ಎಷ್ಟು ವರ್ಷ ಹಿಂದೆ ಕೂತವಳು ನಾನು. ಒಂದರಂತೆ ಒಂದಿರುವ ವಾಕ್ಯಗಳಲ್ಲಿ, ದೊಡ್ಡ ಅಧ್ಯಾಯಗಳ ಮಧ್ಯದಲ್ಲಿ ದಾರಿ ತಪ್ಪುತ್ತಿದ್ದರು. ಈ ಅಧ್ಯಾಯದಲ್ಲಿ ಒಮ್ಮೆಯೂ ಇಲ್ಲ. ಅಂಗಿಗೆ ಗುಂಡಿ ಹಾಕುವಾಗಲೂ ಗುನುಗುತ್ತಿದ್ದ ಅಧ್ಯಾಯ. ನನ್ನ ನೆನಪೇ ಅವರನ್ನು ಓದಿಸುತ್ತಿದ್ದರೆ ಅವರು ಹಿಂದೆ ನಿಂತ ಕಡೆಯೇ ನಿಲ್ಲಬೇಕಿತ್ತು. ಎಂದೂ ನಿಲ್ಲದ ಕಡೆ ಯಾಕೆ ನಿಲ್ಲುತ್ತಾರೆ?

ನಾನಿನ್ನೂ ಎತ್ತಿಕೊಟ್ಟಿಲ್ಲ. ತುದಿ ನಾಲಿಗೆಗೆ ಬಂದಿರುತ್ತದೆ, ತುಟಿ ಕಚ್ಚಿಕೊಂಡು ಕೂರುತ್ತೇನೆ. ಇಲ್ಲದ ಸದ್ದಿಗೆ ಉತ್ತರ ಕೊಡುವವಳು ಗಾಜಿನ ಆಚೆ ಬದಿಗೆ ಸೇರಿದವಳು, ನನಗೆ ಆಗ ಬೇರೆಯವರ ಕಿವಿ ಪರೀಕ್ಷಿಸುವ ಯೋಗ್ಯತೆ ಇರುವುದಿಲ್ಲ. ಆದರೆ ಅವರು ಕಾಯುವುದನ್ನು ಕೇಳಿಸಿಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿನಗೆ ಹೇಗೆ ಹೇಳಲಿ.

ಬೇಗ ಬರೆ.

ತಂಗಿ

ಮಾರ್ಚ್ 12

ತಂಗಿಗೆ,

ತಡವಾಯಿತು. ಗಂಟಲು ಕೆಟ್ಟಿತ್ತು. ಗಂಟಲಿಗೂ ಕಾಗದಕ್ಕೂ ಏನು ಸಂಬಂಧ ಎಂದು ಕೇಳುತ್ತೀಯ, ಗೊತ್ತು. ಮನಸ್ಸಿರಲಿಲ್ಲ ಎಂದುಕೋ.

ನಿನಗೆ ಬೇಕಾದ ವಾದ ಇಲ್ಲಿದೆ. ಪ್ರವಾದಿಯವರಿಗೆ ಕೇಳಿಸಿದ ಧ್ವನಿ ಒಳಗಿನದಾಗಿದ್ದರೆ ಬೇಕಾದಾಗ ಬರಬೇಕಿತ್ತು. ಮೊದಮೊದಲು ಬಂದು ಆಮೇಲೆ ಎಷ್ಟೋ ಕಾಲ ನಿಂತೇ ಹೋಯಿತು. ನಿನ್ನ ದೇವರು ನಿನ್ನ ಕೈಬಿಟ್ಟ ಎಂದು ಜನ ಆಡಿಕೊಂಡರು. ಇನ್ನೊಮ್ಮೆ ಅವರ ಮಡದಿಯ ಮೇಲೆಯೇ ಊರೆಲ್ಲ ಅಪವಾದ ಹೊರಿಸಿತು. ಮನೆಯ ಮಾನ ಬೀದಿಯಲ್ಲಿತ್ತು. ಬರೆಯುವವರು ತಾವೇ ಆಗಿದ್ದರೆ ಅಂದು ಸಂಜೆಯೇ ಆಕೆ ನಿರ್ದೋಷಿ ಎಂದು ಒಂದು ವಾಕ್ಯ ಇಳಿಸಬಹುದಿತ್ತು. ಇಳಿಸಲಿಲ್ಲ. ಒಂದು ತಿಂಗಳು ನರಳಿದರು, ಕಾದರು. ಬಂದಾಗ ಬಂತು. ಬೇಕೆಂದಾಗ ಬಾರದ್ದು, ಬೇಡವೆಂದರೂ ಬಿಡದ್ದು ನಮ್ಮದಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ಇಷ್ಟಕ್ಕೂ ಒಪ್ಪದಿದ್ದರೆ ನಿನಗೆ ವಾದ ಬೇಕಾಗಿಲ್ಲ, ಡಾಕ್ಟರು ಬೇಕು. ನಿನ್ನದೇ ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡು.

ಸಭೆಗಳು ನಡೆಯುತ್ತಿವೆ. ಕಳೆದ ವಾರ ಮಾತು ಮುಗಿಸಿ ಇಳಿದಾಗ ಚಪ್ಪಲಿ ಬಿಡುವ ಕಡೆ ಒಬ್ಬ ಮುದುಕಿ ತಡೆದರು. "ನಮ್ಮ ಯಜಮಾನ್ರಿಗೂ ಪೂರ್ತಿ ಬಾಯಿಪಾಠ ಇತ್ತು ಮಗಾ. ಕೊನೆಗೆ ಎಲ್ಲಾ ಮರೆತುಹೋಯ್ತು. ಮೊದಲನೇ ಅಧ್ಯಾಯಾನೂ ಬರಲಿಲ್ಲ. ನಿಮ್ಮ ತಂದೆಯವರಿಗೆ ಉಳೀತಲ್ಲ. ನಮ್ಮೋರಲ್ಲಿ ಏನು ಕೊರತೆ ಇತ್ತು?" ಎಂದರು. ಇಂಥ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯುವುದು ನನಗೆ ದೇವರು ಕೊಟ್ಟ ವರ. ದೇವರು ತನ್ನ ಮಾತನ್ನು ತನಗೆ ಬೇಕಾದವರ ಎದೆಯಲ್ಲಿ ಕಾಪಾಡುತ್ತಾನೆ ತಾಯಿ ಎಂದೆ. ಸುತ್ತ ಇದ್ದವರು ಭಲೇ ಎಂದರು. ಆಕೆ ತಲೆಯಾಡಿಸಿ, ಚಪ್ಪಲಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೋದರು. ಅದ್ಯಾಕೋ ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಒಂದು ಮಾತು. ಆ ಧ್ವನಿಗೆ ಎತ್ತಿಕೊಡಬೇಡ. ಕೈ ಮುಗಿದು ಕೇಳುತ್ತೇನೆ.

ಅಣ್ಣ

ಮಾರ್ಚ್ 20

ಅಣ್ಣ,

ನಿನ್ನ ಕಾಗದ ಸಿಕ್ಕ ದಿನವೇ ಬರೆಯುತ್ತಿದ್ದೇನೆ.

ಕಾಗದದ ಮಧ್ಯೆ ಬಾಯಿ ಹಾಕಲಾಗುವುದಿಲ್ಲ ಎಂದಿದ್ದೆ. ಬಾಯಿ ಮುಚ್ಚಿಕೊಂಡಿರಲು ಆಗುತ್ತದೆ ಎಂದು ಈಗ ಗೊತ್ತಾಯಿತು. ಅಪ್ಪ ನಡುವೆ ನಿಲ್ಲುತ್ತಾರೆ ಎಂದು ಬರೆದರೆ ಯಾರಾದರೂ ಮೊದಲು ಕೇಳುವುದು, ಎಲ್ಲಿ ನಿಲ್ಲುತ್ತಾರೆ ಎಂದು. ನೀನು ಕೇಳಲಿಲ್ಲ. ನಾನೇ ಹೇಳಿದೆ. ಎಂದೂ ನಿಲ್ಲದ ಕಡೆ ಯಾಕೆ ನಿಂತರು ಎಂದು ಅಂಗಲಾಚಿದೆ. ಅದಕ್ಕೊಂದು ಅಕ್ಷರ ಬರೆಯಲಿಲ್ಲ. ಯಾವ ಪ್ರಶ್ನೆಗೂ ತಕ್ಷಣ ಉತ್ತರ ಹೊಳೆಯುವವನು ನೀನು. ಒಂದು ತಿಂಗಳು ಗಂಟಲು ಕೆಡಿಸಿಕೊಂಡು, ಕೊನೆಗೆ ಕೈ ಮುಗಿದು ಎತ್ತಿಕೊಡಬೇಡ ಎಂದೆ. ಇಲ್ಲದ ಧ್ವನಿಗೆ ಎತ್ತಿಕೊಟ್ಟರೆ ನಿನಗೇನು ನಷ್ಟ?

ಅಪ್ಪ ಮರೆತರು, ಅಲ್ಲವಾ?

ಅಲ್ಲೇ ನಿಂತರು. ಕಣ್ಣುಗಳು ಎಂಬಲ್ಲಿ. ಮುಂದೆ ಬರಲಿಲ್ಲ. ನೀರು ಹರಿದಂತೆ ಓದಿದರು ಎನ್ನುವುದು ನೀನು ಕಟ್ಟಿದ್ದು. ಅತ್ತಿಗೆಯನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಗಂಡನ ವಿರುದ್ಧ ಸಾಕ್ಷಿ ಹೇಳಿಸುವ ನಾದಿನಿ ನಾನಾಗಲಾರೆ.

ಮರೆತದ್ದಕ್ಕೆ ನನಗೆ ದುಃಖವಿಲ್ಲ. ಮರೆಯುವ ಕಾಯಿಲೆ, ಮರೆತರು. ಎದೆ ಉರಿಯುತ್ತಿರುವುದು ಆ ಅಜ್ಜಿಗಾಗಿ. ತನ್ನ ಗಂಡನಲ್ಲಿ ಕೊರತೆ ಹುಡುಕುತ್ತ ಬರಿಗಾಲಲ್ಲಿ ಮನೆಗೆ ಹೋದರಲ್ಲ, ಯಾವ ಅಳತೆಗೋಲಿನಿಂದ ಅಳೆದುಕೊಂಡರು ಅವರು? ನಮ್ಮ ಅಪ್ಪನಿಂದ. ಇಲ್ಲದ ಅಪ್ಪನಿಂದ. ನೀನು ಹೇಳುವ ಮಾತು ದೇವರದ್ದೇ ಆಗಿದ್ದರೆ ಅದಕ್ಕೆ ನಿನ್ನ ಸುಳ್ಳು ಸಾಕ್ಷಿ ಯಾಕೆ ಬೇಕು? ಆಗಿಲ್ಲದಿದ್ದರೆ ನಿನ್ನ ಸಾಕ್ಷಿಯಿಂದ ಅದು ದೇವರದ್ದಾಗುತ್ತದೆಯೇ? ವೇದಿಕೆ ಹತ್ತುವವನು ನೀನು, ಇದು ನಿನಗೆ ಹೊಳೆಯಲಿಲ್ಲವಾ?

ನನ್ನ ಕಡೆಯೂ ನ್ಯಾಯವಾಗಿ ಹೇಳುತ್ತೇನೆ. ಕೊನೆಯ ತಿಂಗಳುಗಳಲ್ಲಿ ಎಷ್ಟೋ ಸಲ ನೀನು ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿಯುತ್ತಿದ್ದೆ. ಆಗ ಎಂದೋ ಅವರು ಅಲ್ಲಿ ನಿಂತದ್ದು ನನ್ನ ಕಿವಿಗೆ ಬಿದ್ದು, ನಾನು ಗಮನಿಸದೆ ಹೋಗಿರಬಹುದು. ಕಿವಿಗೆ ಅಂಥ ಕಳ್ಳತನ ಗೊತ್ತಿದೆ. ಹಾಗಾಗಿ ಅಪ್ಪ ಬಂದು ನನಗೆ ಹೇಳಿದರು ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಕಿವಿಯನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ. ನೀನೂ ಅಪ್ಪನನ್ನು ಕರೆಯಬೇಡ.

ಅಪ್ಪನ ಬಗ್ಗೆ ಹೇಳಲೇಬೇಕೆಂದಿದ್ದರೆ ನಿಜ ಹೇಳು. ಈ ಗ್ರಂಥ ಇಷ್ಟು ಕಾಲ ಅಕ್ಷರ ಕೆಡದೆ ಬಂದದ್ದು ಯಾರೂ ಮರೆಯಲಿಲ್ಲ ಎಂದಲ್ಲ. ಎಲ್ಲರೂ ಮರೆಯುತ್ತಾರೆ. ಮುಂದೆ ನಿಂತವನು ಮರೆತ ಗಳಿಗೆಯಲ್ಲಿ ಹಿಂದೆ ಒಬ್ಬ ಇರುತ್ತಾನೆ, ಅವನು ಮರೆತರೆ ಅವನ ಪಕ್ಕದವನು. ಅದರ ಹಿಂದೆ ಯಾರ ಕೈ ಇದೆ ಎಂದು ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಅದನ್ನು ಸಭೆಯಲ್ಲಿ ಹೇಳು, ಕೇಳಲು ನಾನೂ ಬರುತ್ತೇನೆ.

ತಂಗಿ

ಏಪ್ರಿಲ್ 28

ಅಣ್ಣ,

ನಿನ್ನಿಂದ ಕಾಗದವಿಲ್ಲ. ಅತ್ತಿಗೆ ಫೋನ್ ಮಾಡಿ, "ನಿಮ್ಮಣ್ಣ ಬಾಯಿಗೆ ಬೀಗ ಹಾಕ್ಕೊಂಡ್ ಕೂತಿದಾರೆ, ಮನೆ ಮನೆಯಂಗೇ ಇಲ್ಲ" ಎಂದರು. ನನ್ನ ಮಾತು ಜೋರಾಯಿತೇನೋ. ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ ಎಂದು ಬರೆಯಬೇಕಿತ್ತು. ಈಗ ಬರೆದಿದ್ದೇನೆ.

ನೀನು ಬೇಡ ಎಂದಿದ್ದೆ. ಎತ್ತಿಕೊಟ್ಟುಬಿಟ್ಟೆ.

ಹೋದ ವಾರ ಸೋಮವಾರ ಬೆಳಿಗ್ಗೆ ಎಂದಿನಂತೆ ಅಲ್ಲಿಗೆ ಬಂದು ನಿಂತರು. ಕಾದರು. ಅಪ್ಪ ನಿಜವಾಗಿಯೂ ಹಾಗೆ ಕಾದಿದ್ದರೆ, ಮಂಚದ ಮೇಲೆ ಕೂತು, ಹಿಂದೆ ಯಾರೂ ಇಲ್ಲದೆ, ಎಂದು ಅನಿಸಿತು. ಆಮೇಲೆ ನನ್ನ ಯೋಗ್ಯತೆ, ನನ್ನ ಕಸುಬು ಒಂದೂ ನೆನಪಾಗಲಿಲ್ಲ. ಮುಂದಿನ ಮಾತನ್ನು ಹೇಳಿಬಿಟ್ಟೆ. ಚಿಕ್ಕವಳಿದ್ದಾಗ ಹೇಳುತ್ತಿದ್ದಷ್ಟೇ ಮೆಲ್ಲಗೆ. ಆ ಕೋಣೆಯ ಗೋಡೆ ಧ್ವನಿಯನ್ನು ಹಿಂದಕ್ಕೆ ಕೊಡುವುದಿಲ್ಲ, ನುಂಗಿಬಿಡುತ್ತದೆ. ಅವರು ಮುಂದೆ ಓದುತ್ತಾರೆ ಎಂದು ಕೂತಿದ್ದೆ. ಓದಲಿಲ್ಲ. ಉಸಿರೂ ಇಲ್ಲ. ಹೊರಗೆ ರೋಗಿಗಳು ಸಾಲುಗಟ್ಟಿದಮೇಲೆ ಸಹಾಯಕಿ ಬಂದು ಬಾಗಿಲು ತೆಗೆದಳು.

ಅವತ್ತಿನಿಂದ ಅಪ್ಪ ಬಂದಿಲ್ಲ. ದಿನವೂ ಕೂರುತ್ತೇನೆ. ನಾನೇ ಕಟ್ಟಿದ ಧ್ವನಿಯಾದರೆ ಮತ್ತೆ ಕಟ್ಟಬಹುದಲ್ಲ ಎಂದು ಕಣ್ಣು ಮುಚ್ಚಿ, ಚಾಪೆ, ಮಿಷನ್ನು, ಅವರ ಬೆನ್ನು, ಎಲ್ಲ ನೆನಪು ಮಾಡಿಕೊಂಡು ಕರೆಯುತ್ತೇನೆ. ಬೆನ್ನು ಕಾಣುತ್ತದೆ, ದನಿ ಬರುವುದಿಲ್ಲ. ಬೇಕೆಂದಾಗ ಬಾರದ್ದು ನಮ್ಮದಲ್ಲ ಎಂದು ನೀನೇ ಬರೆದಿದ್ದೆ. ಅದನ್ನು ಇಲ್ಲಿಗೆ ಹಚ್ಚಿ ನೋಡಲು ನನಗೆ ಧೈರ್ಯವಿಲ್ಲ.

ನಮಾಜಿಗೆ ನಿಲ್ಲುತ್ತಿದ್ದೇನೆ. ಯಾವ ವಾದ ಗೆದ್ದಿತು ಎಂದು ಕೇಳಬೇಡ, ಕಾಲು ತಾವಾಗಿ ಹೋಗಿ ನಿಂತವು. ಆದರೆ ಅಣ್ಣ, ಆ ಅಧ್ಯಾಯ ನನಗೂ ಬಾಯಿಪಾಠ ಇತ್ತಲ್ಲ. ಈಗ ಅಲ್ಲಿಗೆ ಬಂದರೆ ನಾನು ನಿಂತುಬಿಡುತ್ತೇನೆ. ಪುಸ್ತಕದಲ್ಲಿ ನೋಡಿದರೆ ಇದೇ ತಾನೇ ಅನಿಸುತ್ತದೆ, ಮುಚ್ಚಿ ನಿಂತರೆ ಬರುವುದಿಲ್ಲ. ಅಪ್ಪನಿಗೆ ಕೊಟ್ಟದ್ದು ನನ್ನಲ್ಲಿ ಉಳಿದೇ ಇಲ್ಲವೇನೋ ಎಂಬಂತೆ. ಈ ಮನೆಯಲ್ಲಿ ನಾನೊಬ್ಬಳೇ. ಬೆನ್ನ ಹಿಂದೆ ಖಾಲಿ ಗೋಡೆ. ನನಗೆ ಹೆದರಿಕೆಯಾಗುತ್ತಿದೆ.

ತಂಗಿ

ಮೇ 9

ತಂಗೀ,

ಬೀಗ ತೆಗೆದಿದ್ದೇನೆ.

ನೀನು ಊಹಿಸಿದ್ದು ಸರಿ. ಆದರೆ ಅಪ್ಪನ ಹಿಂದೆ ಯಾರೂ ಇರಲಿಲ್ಲ ಎಂದೆಯಲ್ಲ, ಅದು ಸರಿಯಲ್ಲ. ನಾನಿದ್ದೆ. ಕೊನೆಯ ಆ ದಿನಗಳಲ್ಲಿ ಅಪ್ಪನಿಗೆ ಆ ಅಧ್ಯಾಯವೊಂದೇ ಉಳಿದಿತ್ತು. ಕಣ್ಣುಗಳು ಎಂಬಲ್ಲಿಗೆ ಬಂದು, ಕೈ ಮೊಣಕಾಲ ಮೇಲಿಟ್ಟುಕೊಂಡು ಕಾಯುವರು. ನಾನು ಪುಸ್ತಕ ತೆರೆದುಕೊಂಡು ಹಿಂದೆ ಕೂತು ಹೇಳಿದೆ. ತಲೆ ಅಲ್ಲಾಡಿಸಿದರು, ಅಲ್ಲ ಎಂದು. ಗಟ್ಟಿಯಾಗಿ ಹೇಳಿದೆ. "ನೀನ್ಯಾರಪ್ಪಾ? ಸುಮ್ನಿರು. ಹಿಂದೆ ಕೂತಿರೋರು ಹೇಳ್ತಾರೆ" ಎಂದರು. ಸರಿಯಾದ ಮಾತನ್ನೇ ಹೇಳುತ್ತಿದ್ದೆ ಮೇಷ್ಟ್ರಮ್ಮಾ, ಒಂದಕ್ಷರ ತಪ್ಪಿರಲಿಲ್ಲ. ಸಾವಿರಾರು ಜನ ಬಾಯಿ ಬಿಟ್ಟುಕೊಂಡು ಕೇಳುವ ಧ್ವನಿಯನ್ನು ಅಪ್ಪ ಒಲ್ಲೆ ಎಂದರು. ಮೂರನೆಯ ದಿನ ಕಾಯುತ್ತ ಕಾಯುತ್ತಲೇ ಹೋದರು. ಅದನ್ನು ನಿನಗೆ ಹೇಗೆ ಹೇಳಲಿ? ನಿನಗೆ ಹೇಳಲಾಗದೆ ಒಂದು ಸುಳ್ಳು ಹೇಳಿದೆ, ಅದು ಬಾಯಿಗೆ ಎಷ್ಟು ಸಲೀಸಾಗಿ ಕೂತಿತೆಂದರೆ ವೇದಿಕೆಗೂ ತೆಗೆದುಕೊಂಡು ಹೋದೆ.

ಮೊನ್ನೆ ಸಭೆ ಆಯಿತು. ನಂಬಿಗಸ್ತರು, ಸವಾಲು, ಕುರುಡ, ಕಾದ ತಿಂಗಳು, ಎಲ್ಲ ಹೇಳಿದೆ. ಅವನ್ನು ನಾನು ಮನಸಾರೆ ನಂಬುತ್ತೇನೆ, ಈಗಲೂ. ಆಮೇಲೆ ಅಪ್ಪನ ವಿಷಯಕ್ಕೆ ಬಂದು, ಇಷ್ಟು ದಿನ ಹೇಳಿದ್ದು ನಿಜವಲ್ಲ, ಅವರು ಮರೆತರು, ನಾನು ಎತ್ತಿಕೊಟ್ಟರೂ ಒಪ್ಪಲಿಲ್ಲ ಎಂದೆ. ನೀನು ಬರೆದದ್ದನ್ನೂ ಹೇಳಲು ನೋಡಿದೆ, ಮುಂದೆ ನಿಂತವನು, ಹಿಂದೆ ಇರುವವನು ಎಂದೆಲ್ಲ. ಅರ್ಧಕ್ಕೇ ಮಾತು ಮುಗಿಸಿದೆ. ಯಾರೂ ಟೋಪಿ ತೆಗೆಯಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಕುರ್ಚಿ ಸರಿಸುವ ಸದ್ದಷ್ಟೇ. ಕಾರ್ಯದರ್ಶಿ ಮೆಟ್ಟಿಲ ಹತ್ತಿರವೇ ಹಿಡಿದುಕೊಂಡ. "ಏನ್ ಸಾರ್ ಇದು, ಎಲ್ಲಾ ಚೆನ್ನಾಗಿ ಹೋಗ್ತಿತ್ತು, ಕೊನೇಲಿ ತಣ್ಣೀರು ಎರಚಿಬಿಟ್ರಲ್ಲ!" ಮುಂದಿನ ಎರಡು ಊರಿನವರು ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ.

ಆ ಅಜ್ಜಿಯನ್ನು ಹೆಂಗಸರ ಕಡೆಯೆಲ್ಲ ಹುಡುಕಿಸಿದೆ. ಅವರನ್ನು ಅಂದು ಕಂಡಿದ್ದ ಮಸೀದಿಗೂ ಹೋಗಿದ್ದೆ. ಚಪ್ಪಲಿ ಕಾಯುವವನು, "ಅಂಥ ಅಜ್ಜಿಯರು ಬಾಳ ಜನ ಬರ್ತಾರೆ ಸ್ವಾಮಿ, ಯಾರು ಅಂತ ಹೇಳ್ಲಿ?" ಎಂದ. ಎಲ್ಲಿಯವರೋ, ಈಗಲೂ ಗಂಡನಲ್ಲಿ ಕೊರತೆ ಹುಡುಕುತ್ತ ಎಲ್ಲಿ ಕೂತಿದ್ದಾರೋ. ನಿನ್ನ ಕಿವಿಯಿಂದ ಅಪ್ಪ ಹೋದರು, ನನ್ನ ಕಣ್ಣಿಂದ ಆಕೆ ಹೋಗುತ್ತಿಲ್ಲ.

ಇನ್ನೊಂದು ಇದೆ. ಇದನ್ನು ಸಭೆಯಲ್ಲಿ ಹೇಳಲಿಲ್ಲ. ನಿನ್ನ ಅತ್ತಿಗೆಗೂ ಹೇಳಿಲ್ಲ, ಇನ್ನು ಯಾರಿಗೂ ಹೇಳುವುದಿಲ್ಲ. ಅಪ್ಪ ಅಲ್ಲಿ ನಿಂತದ್ದು ಫೋನಿನಲ್ಲಿ ನಿನ್ನ ಕಿವಿಗೆ ಬಿದ್ದಿರಬಹುದು ಎಂದು ಬರೆದೆ. ಬಿದ್ದಿರಲು ಸಾಧ್ಯವಿಲ್ಲ. ಅವರು ಆ ಅಧ್ಯಾಯದಲ್ಲಿ ತಡವರಿಸಲು ಶುರು ಮಾಡಿದ ದಿನದಿಂದ ನಾನು ಫೋನನ್ನು ಅವರ ಕೋಣೆಗೆ ಒಯ್ಯಲೇ ಇಲ್ಲ. ನಿದ್ದೆ ಮಾಡುತ್ತಿದ್ದಾರೆ ಎನ್ನುತ್ತಿದ್ದೆ, ನೆನಪಿದೆಯಾ? ನೀನು ಕೇಳಬಾರದೆಂದೇ. ಆ ಜಾಗ ನನಗೂ ನಿನ್ನ ಅತ್ತಿಗೆಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಫೆಬ್ರವರಿಯ ಕಾಗದವನ್ನು ಓದಿ, ನಿನ್ನ ಅತ್ತಿಗೆಗೂ ತೋರಿಸದೆ ಮುಚ್ಚಿಟ್ಟೆ. ನಿನಗೆ ಗೊತ್ತಿಲ್ಲದ್ದನ್ನು ಆ ಧ್ವನಿ ನಿನಗೆ ಹೇಳಿತ್ತು. ವೇದಿಕೆಯ ಮೇಲೆ ಇದನ್ನು ಹೇಳಿದ್ದರೆ ಸಭಾಂಗಣ ಎದ್ದು ನಿಲ್ಲುತ್ತಿತ್ತು, ನನ್ನ ಹಿಂದಿನ ಸುಳ್ಳೂ ಅದರಲ್ಲಿ ಕೊಚ್ಚಿಕೊಂಡು ಹೋಗುತ್ತಿತ್ತು. ಮಾತು ಹಲ್ಲಿನ ತನಕ ಬಂದಿತ್ತು. ನುಂಗಿಕೊಂಡೆ. ಇದು ವಾದವಲ್ಲ, ಅಪ್ಪ ನಿನ್ನನ್ನು ಕರೆದದ್ದು.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಹೊರಟು ಬರುತ್ತೇನೆ. ಡಾಕ್ಟರು, ನಿದ್ದೆ, ರಜೆ ಎಂದು ಬರೆದದ್ದೆಲ್ಲ ಮರೆತುಬಿಡು. ನೀನು ಚಾಪೆ ಹಾಸಿ ನಿಂತು ಆ ಅಧ್ಯಾಯವನ್ನು ಮೊದಲಿನಿಂದ ಓದು. ನಾನು ಪುಸ್ತಕ ತೆರೆದುಕೊಂಡು ನಿನ್ನ ಹಿಂದೆ ಕೂರುತ್ತೇನೆ, ಎಲ್ಲಿಗೂ ಎದ್ದು ಹೋಗುವುದಿಲ್ಲ. ನೀನು ನಿಂತ ಕಡೆ ಎತ್ತಿಕೊಡುತ್ತೇನೆ. ಅಪ್ಪ ನನ್ನ ಧ್ವನಿಯನ್ನು ಒಪ್ಪಲಿಲ್ಲ. ನೀನು ಒಪ್ಪುತ್ತೀಯಾ?

ಅಣ್ಣ